ಇಂಗ್ಲಿಷ್ ಪದಕ್ರಮ ರೂಢಿಸಿಕೊಂಡವರು ಅನುಭವ ತಿಳಿಸುವಿರಾ?

ಪ್ರಶ್ನೆ: ಇಂಗ್ಲಿಷ್ ವ್ಯಾಕರಣದ ನಿಯಮಗಳು ಓದುವಾಗ ಅರ್ಥವಾಗುತ್ತವೆ. ಬರೆಯಲು ಕುಳಿತರೆ ಮಾತ್ರ ಪದಗಳು ಕನ್ನಡದ ಸಾಲಿನಲ್ಲೇ ಬಂದು ನಿಲ್ಲುತ್ತವೆ. ಈ ತೊಡಕನ್ನು ದಾಟಿದವರು ಹೇಗೆ ಅಭ್ಯಾಸ ಮಾಡಿದಿರಿ?

ಉತ್ತರ 1: ತೊಡಕಿನ ಮೂಲ ನಮ್ಮ ವಿಭಕ್ತಿ ಪ್ರತ್ಯಯಗಳಲ್ಲಿದೆ. ‘ಹುಲಿ ಹಸುವನ್ನು ನೋಡಿತು’ ಎಂದರೂ ‘ಹಸುವನ್ನು ಹುಲಿ ನೋಡಿತು’ ಎಂದರೂ ನೋಡಿದ್ದು ಹುಲಿಯೇ, ಏಕೆಂದರೆ ‘ಅನ್ನು’ ಎಂಬುದು ಹಸುವಿಗೆ ಅಂಟಿಕೊಂಡೇ ಇರುತ್ತದೆ. ‘ದ ಟೈಗರ್ ಸಾ ದ ಕೌ’ ಎಂಬಲ್ಲಿ ಅಂಥ ಗುರುತಿಲ್ಲವಾದ್ದರಿಂದ ಹುಲಿ, ಹಸುಗಳ ಜಾಗ ಬದಲಾದರೆ ನೋಡಿದವರೇ ಬದಲಾಗುತ್ತಾರೆ. ಇದು ಮನಸ್ಸಿಗೆ ಹತ್ತಿದ ಮೇಲೆ ನಾನು ವಾಕ್ಯಗಳನ್ನು ಚೀಟಿಗಳಾಗಿ ಕತ್ತರಿಸಿ, ಕಲಸಿ, ಮತ್ತೆ ಜೋಡಿಸತೊಡಗಿದೆ. ಒಂದೆರಡು ವಾರಗಳಲ್ಲಿ ಜೋಡಣೆಯಲ್ಲಿ ಪಳಗಿದೆನಾದರೂ ಮಾತಿನಲ್ಲಿ ಹಳೆಯ ತಪ್ಪುಗಳೇ ಉಳಿದವು. ಬೇಕಾದ ಪದಗಳೆಲ್ಲ ಮೇಜಿನ ಮೇಲೆ ಸಿದ್ಧವಾಗಿದ್ದುದರಿಂದ ನಾನು ಒಗಟು ಬಿಡಿಸುತ್ತಿದ್ದೆನೇ ಹೊರತು ವಾಕ್ಯ ಕಟ್ಟುತ್ತಿರಲಿಲ್ಲ. ಆಮೇಲೆ ಒಂದು ಸಣ್ಣ ಇಂಗ್ಲಿಷ್ ಪರಿಚ್ಛೇದವನ್ನು ಕನ್ನಡಕ್ಕೆ ತಂದು, ಮೂರು ದಿನ ಬಿಟ್ಟು, ಮೂಲವನ್ನು ನೋಡದೆ ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಕ್ರಮ ಹಿಡಿದೆ. ನನಗೆ ನಿಜವಾಗಿ ಫಲ ಕೊಟ್ಟದ್ದು ಇದೇ.

ಉತ್ತರ 2: ಚೀಟಿಗಳ ವಿಷಯದಲ್ಲಿ ನನ್ನ ಅನುಭವವೂ ಅದೇ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಏನನ್ನೂ ತೂರಿಸಬಾರದೆಂಬ ಒಂದೇ ಎಚ್ಚರದಿಂದ ನನ್ನ ಅನೇಕ ತಪ್ಪುಗಳು ನಿಂತವು. ‘ಷಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಎನ್ನುತ್ತಿದ್ದವನು ‘ಷಿ ಸ್ಪೀಕ್ಸ್ ಇಂಗ್ಲಿಷ್ ವೆಲ್’ ಎನ್ನಲು ಕಲಿತೆ.

ಉತ್ತರ 3: ಪ್ರಶ್ನಾವಾಕ್ಯಗಳನ್ನು ಅತಿಯಾಗಿ ಉರು ಹೊಡೆದು ನಾನು ಬೇರೊಂದು ಹಳ್ಳಕ್ಕೆ ಬಿದ್ದೆ. ‘ವೇರ್ ಈಸ್ ದ ಕೀ’ ಎಂಬುದು ನಾಲಿಗೆಗೆ ಎಷ್ಟು ಒಗ್ಗಿತ್ತೆಂದರೆ ‘ಐ ಡೋಂಟ್ ನೋ ವೇರ್ ಈಸ್ ದ ಕೀ’ ಎಂದೇ ಬರೆಯುತ್ತಿದ್ದೆ. ಪ್ರಶ್ನೆಯು ದೊಡ್ಡ ವಾಕ್ಯವೊಂದರ ಒಳಗೆ ಸೇರಿದಾಗ ಮತ್ತೆ ಸಾಮಾನ್ಯ ವಾಕ್ಯದ ಕ್ರಮಕ್ಕೆ ಮರಳಿ ‘ವೇರ್ ದ ಕೀ ಈಸ್’ ಎಂದಾಗಬೇಕು. ಈಗ ದಿನಕ್ಕೆ ಹತ್ತು ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಮುಂದೆಯೂ ‘ಡು ಯು ನೋ’ ಸೇರಿಸಿ ಗಟ್ಟಿಯಾಗಿ ಓದುತ್ತೇನೆ. ‘ವೇರ್ ಡಿಡ್ ಹಿ ಗೋ’ ಎಂಬುದು ‘ಡು ಯು ನೋ ವೇರ್ ಹಿ ವೆಂಟ್’ ಆಗುವಾಗ ‘ಡಿಡ್’ ಮಾಯವಾಗಿ, ಅದು ಹೊತ್ತಿದ್ದ ಭೂತಕಾಲ ‘ಗೋ’ದ ಹೆಗಲಿಗೆ ಬರುವುದನ್ನು ಕಿವಿಯಾರೆ ಕೇಳಬೇಕು, ಬರೆದರಷ್ಟೇ ಸಾಲದು.

ಉತ್ತರ 4: ಉದ್ದದ ವಿಶೇಷಣಗಳಿಗೆ ನಾನು ಕಂಡುಕೊಂಡ ದಾರಿ ಕನ್ನಡವನ್ನು ಕೊನೆಯಿಂದ ಓದುವುದು. ‘ನಿನ್ನೆ ನಾನು ಕೊಂಡ ಪುಸ್ತಕದ ಮೇಲಿದ್ದ ಕನ್ನಡಕ’ ಎಂಬುದನ್ನು ಬಲದಿಂದ ಎಡಕ್ಕೆ ಬಿಡಿಸುತ್ತ ಹೋದರೆ ಕನ್ನಡಕ, ಇದ್ದ, ಮೇಲೆ, ಪುಸ್ತಕ, ಕೊಂಡ, ನಾನು, ನಿನ್ನೆ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಅದು ‘ದ ಗ್ಲಾಸಸ್ ದಟ್ ವರ್ ಆನ್ ದ ಬುಕ್ ಐ ಬಾಟ್ ಯೆಸ್ಟರ್ಡೇ’. ‘ನಾನು’ ಮತ್ತು ‘ಕೊಂಡ’ ಇವೆರಡು ಪರಸ್ಪರ ಜಾಗ ಬದಲಿಸಿದ್ದನ್ನು ಬಿಟ್ಟರೆ ಸಾಲು ಹಾಗೆಯೇ ಇದೆ. ಈ ಉಪಾಯವನ್ನು ಇಡೀ ವಾಕ್ಯಕ್ಕೆ ಹಚ್ಚಲು ಹೋಗಬೇಡಿ. ಕರ್ತೃ ಎರಡೂ ಭಾಷೆಗಳಲ್ಲಿ ಸಾಮಾನ್ಯವಾಗಿ ಮೊದಲೇ ಬರುವುದರಿಂದ ಅಲ್ಲಿ ಅದು ಕೈಕೊಡುತ್ತದೆ.