775 ಡಿ.ಸಿ. ಮೋಟಾರಿನ ಪುಟ್ಟ ಟೇಬಲ್ ಸಾಗೆ (ಮೇಜುಗರಗಸಕ್ಕೆ) ಪ್ಲೈ ಚೂರುಗಳಲ್ಲೇ ಸ್ಲೆಡ್ (ಕಡ್ಡಿ ಹೊತ್ತು ಬ್ಲೇಡಿನತ್ತ ಜಾರುವ ಹಲಗೆ) ಮಾಡಬಹುದಾ?

ಕಿರುಗರಗಸ
ಬ್ಲೇಡ್ 85 ಮಿ.ಮೀ., ಟೇಬಲ್ 6 ಮಿ.ಮೀ. ಪ್ಲೈ, ಮೋಟಾರ್ ಅದರ ಅಡಿಗೇ ಒತ್ತಿ ಕೂತಿದೆ. 1:12 ಅಳತೆಯ ಕುರ್ಚಿ, ಮೇಜುಗಳಿಗೆ 4 ಮಿ.ಮೀ. ಚೌಕದ ಕಡ್ಡಿಗಳನ್ನು ಅಡ್ಡ ಕೊಯ್ಯಬೇಕು. ಟೇಬಲಿನ ಫೆನ್ಸಿಗೆ (ಬ್ಲೇಡ್ ಪಕ್ಕದ ಆಧಾರ ಪಟ್ಟಿಗೆ) ಒತ್ತಿ ಕೊಯ್ದರೆ ತುದಿ ಓರೆ ಬರುತ್ತೆ, ಚಿಕ್ಕ ತುಂಡು ಸಿಡಿದು ಹಾರುತ್ತೆ. ಟೇಬಲ್‌ನಲ್ಲಿ ಸ್ಲೆಡ್ ಜಾರಿಸಲು ಗ್ರೂವ್ ಇಲ್ಲ.

ಮೂಲೆಮಟ್ಟ
ಗ್ರೂವ್ ಬೇಕಾಗಿಲ್ಲ. ಸ್ಲೆಡ್ ತಳದ ಎರಡೂ ಅಂಚಿನ ಕೆಳಗೆ ಪಟ್ಟಿ ಅಂಟಿಸಿ, ಅವು ಟೇಬಲಿನ ಬದಿಗಳನ್ನು ಹಿಡಿದುಕೊಂಡು ಜಾರಲಿ. ಎರಡನೇ ಪಟ್ಟಿ ಅಂಟಿಸುವಾಗ ಅದಕ್ಕೂ ಟೇಬಲಿನ ಬದಿಗೂ ನಡುವೆ ಒಂದು ಹಾಳೆ ಕಾಗದ ಇಟ್ಟು, ಅಂಟು ಒಣಗಿದ ಮೇಲೆ ಎಳೆದುಬಿಡಿ. ಜಾರಲು ಅಷ್ಟು ಸಡಿಲ ಸಾಕು, ಜೊತೆಗೆ ಸ್ವಲ್ಪ ಮೇಣ. ಆದರೆ ಟೇಬಲಿನ ಎರಡೂ ಬದಿ ಬ್ಲೇಡಿಗೆ ಸಮಾನಾಂತರ ಇರಲೇಬೇಕು. ಒಂದೇ ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೊಮ್ಮೆ ಹಿಂದೊಮ್ಮೆ ತಂದು ಬದಿಯಿಂದ ಅಳೆಯಿರಿ.

ತಳ 3 ಮಿ.ಮೀ. ಮೀರಬೇಡಿ. ಬ್ಲೇಡಿನ ತ್ರಿಜ್ಯ 42.5, ಅದರಲ್ಲಿ ಮೋಟಾರಿನ ಅರ್ಧ ವ್ಯಾಸ 21, ಟೇಬಲ್ 6 ಕಳೆದರೆ ಮೇಲೆ ಉಳಿಯೋದು 15.5 ಮಿ.ಮೀ. ಮಾತ್ರ. 60 ಮಿ.ಮೀ. ಬ್ಲೇಡ್ ಹಾಕಿದವರಿಗೆ ಬರೀ 3 ಉಳಿಯುತ್ತೆ, ಅವರಿಗೆ ಸ್ಲೆಡ್ ದಕ್ಕೋದಿಲ್ಲ.

ಸ್ಲೆಡ್ಡಿನ ಮೇಲೆ ಕಡ್ಡಿ ಒರಗಿಸುವ ಅಡ್ಡಪಟ್ಟಿಯೂ ಫೆನ್ಸೇ; ಅದಕ್ಕೆ 100 ಮಿ.ಮೀ. ಅಂತರದಲ್ಲಿ ಎರಡು ಸ್ಕ್ರೂ. ಒಂದು ಬಿಗಿ, ಫೆನ್ಸ್ ತುಸು ತಿರುಗಿಸಲು ಬರುವಂತೆ ಇನ್ನೊಂದರ ತೂತು ದೊಡ್ಡದು. ಮೂಲೆಮಟ್ಟ ಹಿಡಿದು ಕೂರಿಸಿದರೆ ಸಾಲದು (ನನ್ನ ಹೆಸರೇ ಅದಾದರೂ!). 110 ಮಿ.ಮೀ. ಚೌಕದ ಪ್ಲೈ ತಗೊಂಡು, ಆಗಷ್ಟೇ ಕೊಯ್ದ ಅಂಚನ್ನು ಫೆನ್ಸಿಗೆ ಕೊಡುತ್ತಾ ನಾಲ್ಕೂ ಬದಿ ಸವರಿ. ಐದನೇ ಸಲ ಮೊದಲ ಬದಿಯಿಂದಲೇ 10 ಮಿ.ಮೀ. ಪಟ್ಟಿ ತೆಗೆದು ಎರಡೂ ತುದಿಯ ಅಗಲ ವರ್ನಿಯರ್‌ನಲ್ಲಿ ನೋಡಿ. ವ್ಯತ್ಯಾಸ ನಾಲ್ಕು ಪಟ್ಟಾಗಿ ಕಾಣುತ್ತೆ: 100 ಮಿ.ಮೀ. ಪಟ್ಟಿಯಲ್ಲಿ 0.4 ಬಂದರೆ ನಿಜವಾದ ಓರೆ 0.1, ಅಂದರೆ ಸುಮಾರು ಒಂದು ಹಾಳೆಯ ದಪ್ಪ. ಫೆನ್ಸ್ ಸರಿಯಬೇಕಾದ ಕಡೆ ಹಾಳೆ ನಡುವಿಟ್ಟು ಒಂದು ಮರದ ತುಂಡನ್ನು ಕ್ಲ್ಯಾಂಪ್ ಮಾಡಿ, ಹಾಳೆ ತೆಗೆದು, ಫೆನ್ಸನ್ನು ಆ ತುಂಡಿಗೆ ತಾಗಿಸಿ ಬಿಗಿಮಾಡಿ. ಮತ್ತೆ ಕೊಯ್ದು ನೋಡಿದಾಗ ವ್ಯತ್ಯಾಸ ಹೆಚ್ಚಾದರೆ ಸರಿಸಿದ್ದು ತಪ್ಪು ದಿಕ್ಕಿಗೆ.

ಹುಡಿಮರ
3 ಮಿ.ಮೀ. ತಳ ಒಪ್ಪುತ್ತೇನೆ, ಆದರೆ ಬ್ಲೇಡ್ ಹಾಯ್ದ ಸೀಳು ಅದನ್ನು ಹೆಚ್ಚುಕಡಿಮೆ ಎರಡು ಭಾಗ ಮಾಡುತ್ತೆ. ಫೆನ್ಸ್ ಅಲ್ಲದೆ ಎದುರು ತುದಿಗೂ 15 ಮಿ.ಮೀ. ದಪ್ಪದ ಪಟ್ಟಿ ಹಾಕದಿದ್ದರೆ ತಳ ಬಾಗಿ, ಮಾಡಿದ ಅಳತೆಯೆಲ್ಲ ವ್ಯರ್ಥ.

ಕಿರುಗರಗಸ
ಸರಿ. ತುಂಡು ಹಾರೋದಕ್ಕೆ?

ಹುಡಿಮರ
ಕೊಯ್ದ ತುಂಡು ಟೇಬಲಿನ ಮೇಲೆ ಅಲುಗದೆ ನಿಂತಿರುವ ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿ ಓರೆಯಾಗುತ್ತೆ, ಹಿಂಬದಿಯ ಹಲ್ಲು ಅದನ್ನು ಎತ್ತಿ ಎಸೆಯುತ್ತೆ. ಸ್ಲೆಡ್ಡಿನಲ್ಲಿ ಸ್ಟಾಪ್ ತುಂಡೂ (ಎಲ್ಲ ತುಂಡೂ ಒಂದೇ ಉದ್ದ ಬರಲು ಕಡ್ಡಿಯ ತುದಿ ತಾಗಿಸುವ ತುಂಡು) ಜೊತೆಗೇ ಸಾಗೋದರಿಂದ ಇದು ಕಡಿಮೆ. ಫೆನ್ಸಿನ ಮುಖಕ್ಕೆ 180 ನಂಬರ್ ಉಪ್ಪುಕಾಗದ ಅಂಟಿಸಿ, ಕಡ್ಡಿ ಜಾರೋದಿಲ್ಲ. ಅಂಟಿಸಿದ ಮೇಲೆಯೇ ಆ ಐದು ಕೊಯ್ತ ಮಾಡಿ. ಚಿಕ್ಕ ತುಂಡನ್ನು ಬೆರಳಿನಿಂದ ಅಲ್ಲ, ಪೆನ್ಸಿಲ್‌ನ ರಬ್ಬರ್ ತುದಿಯಿಂದ ಅದುಮಿ. ಮೋಟಾರ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಸ್ಲೆಡ್ ಹಿಂದಕ್ಕೆ ಎಳೆಯಿರಿ. ಸ್ಟಾಪ್ ತುಂಡಿನ ಕೆಳಮೂಲೆಯನ್ನು 1 ಮಿ.ಮೀ. ಕೆತ್ತಿಬಿಡಿ, ಇಲ್ಲದಿದ್ದರೆ ಅಲ್ಲಿ ಹುಡಿ ಸೇರಿ ಕುರ್ಚಿಯ ಹತ್ತನೇ ಕಾಲು ಮೊದಲನೆಯದಕ್ಕಿಂತ ಗಿಡ್ಡವಾಗುತ್ತೆ.