ಪಂಪು, ಯಂತ್ರ, ಪಾತ್ರೆಗಳ ಮೇಲೆ ಗುರುತಿನ ಸಂಖ್ಯೆ ಕೆತ್ತಿಸಿದರೆ ಕಳವು ಕಡಿಮೆಯಾದೀತೇ?

ಪ್ರಶ್ನೆ: ಮುಳ್ಳೇರಿಯದ ಕೃಷಿಕ

ಮಾನ್ಯರೇ, ನಮ್ಮ ಆಸುಪಾಸಿನ ತೋಟಗಳಿಂದ ಪಂಪ್‌ಸೆಟ್, ಮದ್ದು ಬಿಡುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳು ಕಾಣೆಯಾಗುವುದು ಈಚೆಗೆ ಹೆಚ್ಚಾಗಿದೆ. ಹೊಳೆಬದಿಯ ಪಂಪುಶೆಡ್ಡುಗಳಿಗೆ ಬೀಗವೇನೋ ಇದೆ, ಆದರೆ ಮಳೆಗಾಲದ ರಾತ್ರಿಯಲ್ಲಿ ಬೀಗ ಒಡೆದ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ನೆರೆಯವರೊಬ್ಬರ ಪಂಪು ಹೋದಾಗ ಠಾಣೆಗೆ ದೂರು ಕೊಟ್ಟಿದ್ದರು. ಸ್ವಲ್ಪ ಸಮಯದ ಬಳಿಕ ಗುಜರಿ ಅಂಗಡಿಯೊಂದರಿಂದ ವಶಪಡಿಸಿಕೊಂಡ ಪಂಪುಗಳನ್ನು ನೋಡಿ ಗುರುತಿಸಲು ಅವರನ್ನು ಕರೆಸಲಾಯಿತು. ಒಂದೇ ಕಂಪೆನಿಯ, ಒಂದೇ ಬಣ್ಣದ, ನಾಮಫಲಕ ಕಿತ್ತು ತೆಗೆದ ಆ ಪಂಪುಗಳ ಮುಂದೆ ನಿಂತು, ಇದು ನನ್ನದೇ ಎಂದು ನಾಳೆ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳುವ ಧೈರ್ಯ ಅವರಿಗೆ ಬರಲಿಲ್ಲ.

ಹಾಗಾಗಿ ನಮ್ಮ ಸ್ವಸಹಾಯ ಸಂಘದ ವತಿಯಿಂದ ಎಲ್ಲರ ಯಂತ್ರಗಳ ಮೇಲೆಯೂ ಒಂದು ಸಂಖ್ಯೆಯನ್ನು ಕೆತ್ತಿಸಬೇಕೆಂಬ ಯೋಚನೆ ಇದೆ. ಆಧಾರ್ ಸಂಖ್ಯೆ ಆಗಬಹುದೆಂದು ಕೆಲವರು, ಮೊಬೈಲ್ ನಂಬರ್ ಸಾಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಯಾವ ಸಂಖ್ಯೆ ಒಳ್ಳೆಯದು, ಯಂತ್ರಕ್ಕೆ ಹಾನಿಯಾಗದಂತೆ ಅದನ್ನು ಎಲ್ಲಿ ಮತ್ತು ಹೇಗೆ ಹಾಕಿಸಬೇಕು, ಇದರಿಂದ ಕಳ್ಳರು ನಿಜವಾಗಿ ಹಿಂಜರಿಯುತ್ತಾರೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಬದಿಯಡ್ಕದ ವರ್ಕ್‌ಶಾಪ್ ಮಾಲಕ

ನಿಮ್ಮ ಯೋಚನೆ ಸರಿಯಾದುದೇ. ನಮ್ಮ ಹಿರಿಯರು ಮದುವೆಗೆ ಕೊಟ್ಟ ತಂಬಿಗೆ, ಉರುಳಿ, ಕೊಪ್ಪರಿಗೆಗಳ ಮೇಲೆ ಹೆಸರು ಕೆತ್ತಿಸುತ್ತಿದ್ದರು, ಜಂಬ್ರದ ಮನೆಯಲ್ಲಿ ನಾಲ್ಕು ಕಡೆಯ ಪಾತ್ರೆಗಳು ಒಟ್ಟಾದರೂ ಮರುದಿನ ಅವರವರದ್ದು ಅವರವರ ಮನೆಗೆ ತಲುಪುತ್ತಿತ್ತು. ಆದರೆ ಕಳವಿನ ವಿಷಯದಲ್ಲಿ ಹೆಸರು ಸಾಲದು, ಏಕೆಂದರೆ ಒಂದೇ ಹೆಸರಿನವರು ಊರಿಗೆ ಹತ್ತು ಮಂದಿ ಇರುತ್ತಾರೆ.

ಆಧಾರ್ ಸಂಖ್ಯೆಯನ್ನು ದಯವಿಟ್ಟು ಕೆತ್ತಿಸಬೇಡಿ. ಕಂಡಕಂಡವರ ಕಣ್ಣಿಗೆ ಬೀಳುವಲ್ಲಿ ಇಡುವಂತಹ ಸಂಖ್ಯೆ ಅದಲ್ಲ, ಪಾನ್ ಸಂಖ್ಯೆಯೂ ಅಷ್ಟೇ. ಮೊಬೈಲ್ ನಂಬರ್ ಇಂದು ನಿಮ್ಮದಾಗಿದ್ದರೆ, ರೀಚಾರ್ಜ್ ನಿಂತ ಮೇಲೆ ಇನ್ನೊಬ್ಬರದಾಗುತ್ತದೆ. ಪಂಚಾಯತಿನ ಮನೆ ನಂಬರ್ ನೋಡಲು ಅನುಕೂಲವೆನಿಸಿದರೂ ವಾರ್ಡುಗಳ ಪುನರ್ವಿಂಗಡಣೆಯಾದಾಗ ಅದೂ ಬದಲಾಗುತ್ತದೆ. ಇವೆಲ್ಲಕ್ಕಿಂತ ವಾಹನ ಚಾಲನಾ ಪರವಾನಿಗೆಯ ಸಂಖ್ಯೆ ಮೇಲು. ಕಾಸರಗೋಡು ಕಚೇರಿಯದ್ದಾದರೆ ಅದು ಕೆಎಲ್ 14 ಎಂದು, ಕಾಞಂಗಾಡಿನದ್ದಾದರೆ ಕೆಎಲ್ 60 ಎಂದು ಆರಂಭವಾಗಿ, ಮುಂದೆ ವರ್ಷವೂ ಏಳು ಅಂಕಿಗಳೂ ಬರುತ್ತವೆ. ಯಾವ ರಾಜ್ಯದ, ಯಾವ ಜಿಲ್ಲೆಯ ವಸ್ತು ಎಂಬುದು ಮೊದಲ ನಾಲ್ಕು ಅಕ್ಷರಗಳಲ್ಲೇ ತಿಳಿಯುವುದರಿಂದ ಕರ್ನಾಟಕದ ಗಡಿಯಾದ ತಲಪಾಡಿಯ ಆಚೆ ಸಿಕ್ಕಿದರೂ ಅಲ್ಲಿನ ಪೊಲೀಸರಿಗೆ ಜಾಡು ಹಿಡಿಯುವುದು ಸುಲಭ. ಇದೇ ಕಾರಣಕ್ಕೆ ಅಕ್ಷರಗಳು ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಇರದೆ, ಪರವಾನಿಗೆಯಲ್ಲಿ ಮುದ್ರಿತವಾಗಿರುವಂತೆಯೇ ಇಂಗ್ಲಿಷಿನಲ್ಲಿರಲಿ. ಭಾಷಾಭಿಮಾನವನ್ನು ಪಂಪಿನ ಮೇಲೆ ತೋರಿಸುವ ಅಗತ್ಯವಿಲ್ಲ.

ಇನ್ನು ಹಾಕಿಸುವ ವಿಧಾನ. ಪಂಪಿನ ಹೊರಮೈ ಎರಕದ ಕಬ್ಬಿಣದ್ದು. ಅದರ ಮೇಲೆ ಅಕ್ಷರದ ಪಂಚ್ ಇಟ್ಟು ಸುತ್ತಿಗೆಯಿಂದ ಬಲವಾಗಿ ಬಡಿದರೆ ಬಿರುಕು ಬಿಡುವ ಸಂಭವವಿದೆ, ಬೇರಿಂಗ್ ಕೂರುವ ಭಾಗದ ಹತ್ತಿರವಂತೂ ಬಡಿಯಲೇಬಾರದು. ಪಂಚ್ ಹೊಡೆಯುವುದಿದ್ದರೆ ಪಂಪು ಕೂರಿಸಿದ ಉಕ್ಕಿನ ಚೌಕಟ್ಟಿನ ಮೇಲೆ ಹೊಡೆಯಿಸಿ, ಎರಕದ ಮೈಗೆ ವಿದ್ಯುತ್ತಿನ ಕೆತ್ತನೆ ಪೆನ್ನು ಬಳಸಿ. ಚೌಕಟ್ಟನ್ನು ಕಳಚಿ ಬಿಸಾಡಬಹುದಾದುದರಿಂದ ಎರಡೂ ಕಡೆ ಇರುವುದು ಕ್ಷೇಮ. ಒಂದು ಗುರುತು ಎದುರಿಗೇ ಎದ್ದು ಕಾಣಬೇಕು, ಇನ್ನೊಂದು ಅಡಿಭಾಗದಲ್ಲೋ ಮುಚ್ಚಳದ ಒಳಗೋ ಮರೆಯಾಗಿರಬೇಕು. ಕಾಣುವುದನ್ನು ಉಜ್ಜಿ ತೆಗೆದರೂ ಮರೆಯಲ್ಲಿರುವುದು ಉಳಿದೀತು, ಅಲ್ಲದೆ ಉಜ್ಜಿದ ಜಾಗವೇ ಸಂಶಯಕ್ಕೆ ಎಡೆಮಾಡುತ್ತದೆ. ಪೈಂಟಿನಲ್ಲಿ ಬರೆದುದು ಥಿನ್ನರ್ ತಾಗಿದರೆ ಹೋಗುತ್ತದೆ, ಕಂಪೆನಿಯ ನಾಮಫಲಕ ಒಂದು ಉಳಿಯ ಏಟಿಗೆ ಕಳಚಿ ಬರುತ್ತದೆ. ಅವುಗಳನ್ನು ನಂಬಬೇಡಿ.

ಮದ್ದು ಬಿಡುವ, ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ಮಾತ್ರ ಕೆತ್ತಬೇಡಿ. ಅದರ ಬಲವಿರುವುದು ಎಳೆಗಳಲ್ಲಿ, ಗೀರು ಬಿದ್ದಲ್ಲಿ ಮುರಿಯುವ ಅಪಾಯವಿದೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಮೇಲಿಂದ ಪಾರದರ್ಶಕ ವಾರ್ನಿಷ್ ಬಳಿದರೆ ಸಾಕು. ಗ್ಯಾಸ್ ಸಿಲಿಂಡರಿಗೂ ಕೈ ಹಚ್ಚಬಾರದು.

ಉತ್ತರ 2: ಕುಂಬಳೆಯ ಅಧ್ಯಾಪಕಿ

ಕಳ್ಳರು ಹಿಂಜರಿಯುತ್ತಾರೆಯೇ ಎಂಬ ಕೊನೆಯ ಪ್ರಶ್ನೆಯನ್ನು ವರ್ಕ್‌ಶಾಪಿನವರು ಮುಟ್ಟಲಿಲ್ಲ. ಈ ಪದ್ಧತಿ ಪೊಲೀಸರ ಯೋಜನೆಯಾಗಿ ಆರಂಭವಾದುದು 1963ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆ ಪಾರ್ಕ್ ಎಂಬ ಊರಿನಲ್ಲಿ. ಬ್ರಿಟನ್ನಿನಲ್ಲಿ ಜನರು ತಮ್ಮ ಅಂಚೆ ಸಂಕೇತದ ಜೊತೆಗೆ ಮನೆ ಸಂಖ್ಯೆಯನ್ನು ಸೇರಿಸಿ ಬರೆಯುತ್ತಾರೆ. ಅಲ್ಲಿನ ಗೃಹ ಇಲಾಖೆಗಾಗಿ ಗ್ಲೋರಿಯಾ ಲೇಕಾಕ್ ಅವರು ದಕ್ಷಿಣ ವೇಲ್ಸಿನ ಮೂರು ಹಳ್ಳಿಗಳಲ್ಲಿ ನಡೆಸಿದ, 1985ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗುರುತು ಹಾಕಿಸಿಕೊಂಡ ಮನೆಗಳಲ್ಲಿ ಮೊದಲ ವರ್ಷ ಕಳವು ಸುಮಾರು ಶೇಕಡಾ 40ರಷ್ಟು ಇಳಿದಿತ್ತು.

ಆದರೆ ಈ ಅಂಕಿಯನ್ನು ಹಾಗೆಯೇ ಎತ್ತಿ ಮುಳ್ಳೇರಿಯದಲ್ಲಿ ಇಡುವಂತಿಲ್ಲ. ಅಲ್ಲಿ ಹೆಚ್ಚಿನ ಮನೆಯವರು ಯೋಜನೆಗೆ ಸೇರಿದ್ದರು, ಮನೆಗಳ ಬಾಗಿಲು-ಕಿಟಕಿಗಳಲ್ಲಿ ಅದರ ಚೀಟಿ ಅಂಟಿಸಿದ್ದರು, ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಕಣಿವೆಯ ಆ ಹಳ್ಳಿಗಳು ಹೊರಗಿನಿಂದ ಸಾಕಷ್ಟು ಪ್ರತ್ಯೇಕವಾಗಿಯೂ ಇದ್ದವು. ಕೆತ್ತನೆಗಿಂತ ಅದರ ಪ್ರಚಾರವೇ ಹೆಚ್ಚು ಕೆಲಸ ಮಾಡಿತೆಂದು ನನ್ನ ತಿಳಿವಳಿಕೆ. ನಮ್ಮಲ್ಲಿ ರಾಜ್ಯದ ಗಡಿ ಕೂಗಳತೆಯಲ್ಲಿದೆ, ಹೆದ್ದಾರಿಯಲ್ಲದೆ ದಾಟಲು ಒಳದಾರಿಗಳೂ ಹಲವು. ಆದ್ದರಿಂದ ನಿಮ್ಮ ಸಂಘದವರು ಕೆತ್ತಿಸಿ ಸುಮ್ಮನಾಗದೆ, ಈ ವಠಾರದ ಯಂತ್ರಗಳಿಗೆಲ್ಲ ಗುರುತಿನ ಸಂಖ್ಯೆ ಇದೆ ಎಂಬ ಫಲಕವನ್ನು ಪಂಪುಶೆಡ್ಡುಗಳ ಮೇಲೆ ಹಾಕಬೇಕು. ಸುತ್ತಲಿನ ಗುಜರಿ ಅಂಗಡಿಗಳಿಗೂ ರಿಪೇರಿಯವರಿಗೂ ಕನ್ನಡ ಮಲಯಾಳಗಳೆರಡರಲ್ಲಿ ಮುದ್ರಿಸಿದ ಸೂಚನೆಯನ್ನು ಕೊಟ್ಟು ಬರಬೇಕು. ಕೊಳ್ಳುವವನಿಗೆ ಭಯ ಹುಟ್ಟದೆ ಕದಿಯುವವನಿಗೆ ಭಯ ಹುಟ್ಟುವುದಿಲ್ಲ.

ಮನೆಯೊಳಗಿನ ಕೆಲವು ವಸ್ತುಗಳಿಗೆ ಸಂಖ್ಯೆ ಮೊದಲೇ ಇರುತ್ತದೆ. ಮೊಬೈಲಿನಲ್ಲಿ *#06# ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ, ಕಳವಾದಾಗ ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನು ತಡೆಹಿಡಿಸಬಹುದು. 2023ರ ಏಪ್ರಿಲ್ 1ರ ಬಳಿಕ ಹಾಲ್‌ಮಾರ್ಕ್ ಆಗಿ ಮಾರಾಟವಾಗುವ ಚಿನ್ನಾಭರಣಗಳ ಮೇಲೆ ಎಚ್‌ಯುಐಡಿ ಎಂಬ ಆರು ಅಕ್ಷರಾಂಕಗಳ ಗುರುತಿನ ಸಂಖ್ಯೆ ಇರಲೇಬೇಕು, ಅದು ಬಿಲ್ಲಿನಲ್ಲಿ ನಮೂದಾಗಿದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ. ಇದು ಒಡವೆಯ ಗುರುತೇ ಹೊರತು ಒಡೆಯನ ಗುರುತಲ್ಲ, ಕರಗಿಸಿದ ಮೇಲೆ ಅದೂ ಇಲ್ಲ. ಚಿನ್ನಕ್ಕೆ ಬ್ಯಾಂಕಿನ ಲಾಕರೇ ಗತಿ.

ಉತ್ತರ 3: ಮಂಜೇಶ್ವರದ ನಿವೃತ್ತ ನ್ಯಾಯಾಲಯ ನೌಕರ

ನಿಮ್ಮ ನೆರೆಯವರಿಗೆ ಬಂದ ಕಷ್ಟ ತೀರಾ ಸಾಮಾನ್ಯವಾದುದು. ವಶಪಡಿಸಿಕೊಂಡ ಸೊತ್ತನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವವರು ಮ್ಯಾಜಿಸ್ಟ್ರೇಟರು, ಠಾಣೆಯವರಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೆಯ ಕಲಂ ಪ್ರಕಾರ, ಒಡೆಯ ಯಾರೆಂದು ತಿಳಿಯದಿದ್ದರೆ ವಸ್ತುವಿನ ವಿವರಗಳೊಡನೆ ಪ್ರಕಟಣೆ ಹೊರಡಿಸಿ, ಹಕ್ಕುಳ್ಳವರು ಆರು ತಿಂಗಳೊಳಗೆ ಬಂದು ಸಾಬೀತುಪಡಿಸಬೇಕೆಂದು ಸೂಚಿಸಲಾಗುತ್ತದೆ. ಆ ಸಾಬೀತಿಗೆ ಬೇಕಾದುದು ಮಾತಲ್ಲ, ದಾಖಲೆ. ಖರೀದಿಯ ಬಿಲ್ಲು, ಕಂಪೆನಿಯ ಸೀರಿಯಲ್ ನಂಬರ್, ನೀವು ಕೆತ್ತಿಸಿದ ಸಂಖ್ಯೆ ಸ್ಪಷ್ಟವಾಗಿ ಕಾಣುವ ಫೋಟೋ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಅಂಟಿಸಿ ಸಂಘದ ಕಾರ್ಯದರ್ಶಿಯವರ ಬಳಿಯೂ ಒಂದು ಪ್ರತಿ ಇಡಿ. ದೂರು ಕೊಡುವಾಗಲೇ ಈ ಸಂಖ್ಯೆ ಎಫ್‌ಐಆರ್‌ನಲ್ಲಿ ಸೇರುವಂತೆ ನೋಡಿಕೊಳ್ಳಿ. ವಸ್ತು ಸಿಕ್ಕಿದ ಮೇಲೆ ನೆನಪಾದ ಗುರುತಿಗೆ ಅಷ್ಟು ಬೆಲೆ ಬರುವುದಿಲ್ಲ.

ಗಡಿಯ ಕುರಿತು ಅಧ್ಯಾಪಕಿಯವರು ಹೇಳಿದುದಕ್ಕೆ ಒಂದು ಮಾತು ಸೇರಿಸುತ್ತೇನೆ. ಅದೇ ಸಂಹಿತೆಯ 173ನೆಯ ಕಲಂನಂತೆ, ಕೃತ್ಯ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿಯನ್ನು ಇನ್ನೊಂದು ಠಾಣೆಯಲ್ಲಿ ಕೊಡಬಹುದು. ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೆ ಮೂರು ದಿನಗಳೊಳಗೆ ಸಹಿ ಹಾಕಬೇಕು. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಕೊಂಡವನು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಂನಂತೆ ಶಿಕ್ಷಾರ್ಹನು. ಎದ್ದು ಕಾಣುವ ಸಂಖ್ಯೆಯುಳ್ಳ ಪಂಪನ್ನು ಕೊಂಡ ಗುಜರಿಯವನು ತನಗೆ ತಿಳಿಯಲಿಲ್ಲ ಎಂದು ಹೇಳುವುದು ಕಷ್ಟ. ಗುಜರಿಯವರಿಗೆ ಕೊಡುವ ಸೂಚನೆಯಲ್ಲಿ ಈ ಕಲಂ ಅನ್ನು ಉಲ್ಲೇಖಿಸಿ.

ಮುಳ್ಳೇರಿಯದ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಒಂದು ಸಂಶಯ ಉಳಿದಿದೆ. ನಮ್ಮಲ್ಲಿ ಹಳೆಯ ಪಂಪನ್ನು ಕೊಟ್ಟು ಹೊಸತು ಕೊಳ್ಳುವುದು ವಾಡಿಕೆ. ನನ್ನ ಸಂಖ್ಯೆ ಇರುವ ಪಂಪು ಇನ್ನೊಬ್ಬರ ಕೈಗೆ ಹೋದ ಮೇಲೆ ಅವರಿಗೆ ತೊಂದರೆಯಾಗದೇ? ಚಾಲನಾ ಪರವಾನಿಗೆ ಇಲ್ಲದ ಹಿರಿಯರು ಏನು ಮಾಡಬೇಕು?

ಬದಿಯಡ್ಕದ ವರ್ಕ್‌ಶಾಪ್ ಮಾಲಕ

ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆಯಬೇಡಿ, ಅದರ ಮೇಲೆ ಓದಲು ಬರುವಂತೆ ಒಂದು ಅಡ್ಡಗೆರೆ ಎಳೆದು, ಕೆಳಗೆ ಕೊಂಡವರ ಸಂಖ್ಯೆಯನ್ನು ಹಾಕಿಸಿ. ಮಾರಿದ ದಿನಾಂಕ ಬರೆದ ರಶೀದಿಯನ್ನು ಅವರಿಗೆ ಕೊಟ್ಟು, ಸಂಘದ ಪುಸ್ತಕದಲ್ಲಿಯೂ ನಮೂದಿಸಿ. ಅಂಗಡಿಗೆ ಬದಲಿಯಾಗಿ ಕೊಡುವಾಗಲೂ ಇದೇ ಕ್ರಮ. ಪರವಾನಿಗೆ ಇಲ್ಲದ ಹಿರಿಯರು ಮಗನದ್ದೋ ಮಗಳದ್ದೋ ಸಂಖ್ಯೆಯನ್ನು ಬಳಸಬಹುದು, ಆದರೆ ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದನ್ನು ಪುಸ್ತಕದಲ್ಲಿ ಬರೆಯಲು ಮರೆಯಬಾರದು. ನಿಮ್ಮ ಸಂಘದವರು ಒಂದು ಭಾನುವಾರ ಯಂತ್ರಗಳನ್ನೆಲ್ಲ ಒಂದೇ ಕಡೆ ತಂದಿಟ್ಟರೆ ಕೆತ್ತನೆ ಪೆನ್ನು ಹಿಡಿದು ನಾನೇ ಬರುತ್ತೇನೆ, ವಿದ್ಯುತ್ ಸಂಪರ್ಕವೊಂದು ಇದ್ದರೆ ಸಾಕು.