2016ರ ಬೋರ್ಡೋ: ಈಗಲೇ ತೆರೆಯುವುದಾ, ಇಡುವುದಾ?

ಕಡಿಯಾಳಿ ಹುಡುಗ:
ಭಾವ ಫ್ರಾನ್ಸಿನಿಂದ ಬರುವಾಗ ಒಂದೇ ವೈನಿನ ಎರಡು ಬಾಟ್ಲಿ ತಂದುಕೊಟ್ಟಿದ್ದಾರೆ. ಲೇಬಲ್ಲಿನಲ್ಲಿ ಸ್ಯಾಂತ್ ಎಸ್ತೆಫ್, 2016 ಅಂತ ಉಂಟು. ಅದು ಅಲ್ಲಿನ ಬೋರ್ಡೋ ಎಂಬ ವೈನ್ ಸೀಮೆಯ ಒಂದು ಊರಂತೆ, 2016 ದ್ರಾಕ್ಷಿ ಕೊಯ್ದ ವರ್ಷ. ಹಿಂದುಗಡೆ ಕ್ಯಾಬರ್ನೆ ಸೋವಿನ್ಯೋನ್, ಮೆರ್ಲೋ, ಸ್ವಲ್ಪ ಪೆಟಿ ವರ್ಡೋ ಎಂದು ದ್ರಾಕ್ಷಿ ತಳಿಗಳ ಹೆಸರು ಬರೆದಿದೆ. "ಹತ್ತು ವರ್ಷ ಇಟ್ಟು ಕುಡಿ" ಅಂತ ಹೇಳಿ ಅವರು ವಾಪಸ್ ಹೋದರು. ನನಗೆ ಗೊತ್ತಿರುವುದು ನಾಸಿಕದ ವೈನು, ಮತ್ತೆ ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಬಾಯಮ್ಮ ಕೊಡುವ ದ್ರಾಕ್ಷಿ ವೈನು, ಅಷ್ಟೇ. ಒಂದು ವೈನು ಇಟ್ಟರೆ ಒಳ್ಳೆಯದಾಗುತ್ತದಾ ಇಲ್ಲವಾ ಅಂತ ಕುಡಿದು ಹೇಗೆ ತಿಳಿಯುವುದು? ಉಡುಪಿಯ ಸೆಕೆಯಲ್ಲಿ ಇಡುವುದಾದರೂ ಎಲ್ಲಿ?

ಬೆಂದೂರ್‌ವೆಲ್:
ಎರಡು ಇರುವುದು ಒಳ್ಳೆಯದಾಯಿತು. ಒಂದನ್ನು ಈಗ ತೆರೆಯಿರಿ. ಕುಡಿಯುವ ಮೊದಲು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ. ಅವರು ರೂಮ್ ಟೆಂಪರೇಚರ್ ಅನ್ನುವುದು ಅವರ ಊರಿನ ಕೋಣೆಯ ಲೆಕ್ಕ, 16ರಿಂದ 18 ಡಿಗ್ರಿ. ನಮ್ಮ ಏಪ್ರಿಲಿನ ಕೋಣೆಯಲ್ಲಿ ಹಾಗೇ ಕುಡಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಬೇರೆ ಎಂತದೂ ಗೊತ್ತಾಗುವುದಿಲ್ಲ.

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದು ಅಂಚು ನೋಡಿ. ನೇರಳೆ ಛಾಯೆ ಇದ್ದರೆ ಇನ್ನೂ ಎಳೆಯದು. ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದರೆ ಮಾಗುತ್ತಿದೆ. ಪೂರಾ ಕಂದಾಗಿದ್ದರೆ ಎಲ್ಲೋ ಬಿಸಿಯೋ ಗಾಳಿಯೋ ತಗುಲಿದೆ. ಮೂಗಿಗೆ ಕಪ್ಪು ಹಣ್ಣುಗಳ ವಾಸನೆ, ಪೆನ್ಸಿಲ್ ಚೂಪು ಮಾಡುವಾಗಿನ ಮರದ ವಾಸನೆ ಬರಬೇಕು. ಚರ್ಮ, ತಂಬಾಕು, ಮಳೆಗೆ ನೆನೆದ ತರಗೆಲೆ ಇವೆಲ್ಲ ಬರುವುದು ವಯಸ್ಸಾದ ಮೇಲೆ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕಾರ್ಕ್ ಕೆಟ್ಟಿದೆ, ಕುಡಿಯುವುದು ದಂಡ.

ಮುಖ್ಯ ಬಾಯಿ. ಗೇರುಹಣ್ಣು ಕಚ್ಚಿದ ಮೇಲೆ ನಾಲಿಗೆ, ಒಸಡು ಎಲ್ಲ ಎಳೆದುಕೊಳ್ಳುತ್ತದಲ್ಲಾ, ಆ ಒಗರೇ ಟ್ಯಾನಿನ್. ಕ್ಯಾಬರ್ನೆಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಹಾಗಾಗಿ ಒಗರು ಜಾಸ್ತಿ. ಮೆರ್ಲೋ ಅದನ್ನು ಮೆತ್ತಗೆ ಮಾಡುತ್ತದೆ. ಸುಮಾರು ಜನ ಒಗರು ಇದ್ದರೆ ಸಾಕು, ಇಟ್ಟರೆ ಚೆನ್ನಾಗಾಗುತ್ತದೆ ಅಂದುಕೊಳ್ಳುತ್ತಾರೆ. ಸಾಲದು ಮಾರಾಯ್ರೆ. ಒಗರಿನಷ್ಟೇ ಹಣ್ಣಿನ ರುಚಿಯೂ ಗಟ್ಟಿ ಇರಬೇಕು, ನುಂಗಿದ ಮೇಲೆ ಬಾಯಲ್ಲಿ ನೀರೂರುವಷ್ಟು ಹುಳಿಯೂ ಇರಬೇಕು. ವರ್ಷ ಕಳೆದ ಹಾಗೆ ಟ್ಯಾನಿನ್ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳ ಸೇರುತ್ತದೆ, ಹಳೆ ಬಾಟ್ಲಿಯ ಗಸಿಯಲ್ಲಿ ಅದೂ ಇರುತ್ತದೆ. ಆದರೆ ಹಣ್ಣು ಮೊದಲೇ ತೆಳ್ಳಗಿದ್ದರೆ ಒಗರು ಇಳಿಯುವ ಮುಂಚೆ ಹಣ್ಣೇ ಹೋಗಿರುತ್ತದೆ. ಆಮೇಲೆ ಉಳಿಯುವುದು ಬರೀ ಚಪ್ಪೆ ಒಗರು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸಿ. ಐದಕ್ಕೇ ಮುಗಿದರೆ ಇಡುವ ಸರಕಲ್ಲ.

ಅರ್ಧ ಬಾಟ್ಲಿ ಕುಡಿದು ಕಾರ್ಕ್ ಹಾಕಿ ಮರುದಿನ ಮತ್ತೆ ನೋಡಿ. ಮೊದಲ ದಿನಕ್ಕಿಂತ ಹಿತವಾಗಿದ್ದರೆ ಅದಕ್ಕೆ ಇನ್ನೂ ಆಯಸ್ಸುಂಟು ಅಂತ ನನ್ನ ಲೆಕ್ಕ. 2016 ಅಲ್ಲಿ ಒಳ್ಳೆಯ ವರ್ಷ. ಬೇಸಿಗೆ ಒಣಗಿತ್ತು, ಸೆಪ್ಟೆಂಬರ್ ಮಧ್ಯದಲ್ಲಿ ಸರಿಯಾದ ಹೊತ್ತಿಗೆ ಮಳೆ ಬಂತು. ಸ್ಯಾಂತ್ ಎಸ್ತೆಫ್‌ನಲ್ಲಿ ಜೇಡಿಮಣ್ಣು ಜಾಸ್ತಿ, ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಣ ಬೇಸಿಗೆಯಲ್ಲಿ ಅದೂ ಅನುಕೂಲ.

ಮಲ್ಪೆ ಗಾಳಿ:
ರುಚಿಯ ಮಾತು ಸರಿ. ಇಡುವ ಮಾತು ಬಿಡಿ. ಅದಕ್ಕೆ ಬೇಕಾದದ್ದು 12–14 ಡಿಗ್ರಿ, ವರ್ಷಪೂರ್ತಿ. ರಾತ್ರಿ ಮಾತ್ರ ಏಸಿ ಹಾಕುವ ಕೋಣೆ ಏನೂ ಪ್ರಯೋಜನ ಇಲ್ಲ, ದಿನಾ ಬಿಸಿ ತಣ್ಣಗೆ ಆಗುತ್ತಾ ವೈನು ಹಿಗ್ಗಿ ಕುಗ್ಗಿ ಕಾರ್ಕನ್ನು ತಳ್ಳುತ್ತದೆ. ಪರಿಚಯದವರೊಬ್ಬರು ಗೋದ್ರೇಜ್ ಕಪಾಟಿನಲ್ಲಿ ಸೀರೆಗಳ ಮಧ್ಯೆ ಇಟ್ಟಿದ್ದರು. ಕಾರ್ಕ್ ಅರ್ಧ ಬೆರಳು ಮೇಲೆ ಬಂದಿತ್ತು, ಕತ್ತಿನ ಸುತ್ತ ಅಂಟು ಅಂಟು, ಒಳಗೆ ಕಾಯಿಸಿದ ಜಾಮಿನ ರುಚಿ. ನಮ್ಮ ತೇವ ಕಾರ್ಕಿಗೆ ಒಳ್ಳೆಯದೇ, ಲೇಬಲ್ಲಿಗೆ ಬೂಸ್ಟು ಬರುತ್ತದೆ ಅಷ್ಟೇ. ಕೊಲ್ಲುವುದು ಸೆಕೆ. ಒಂದು ಬಾಟ್ಲಿಗೋಸ್ಕರ ವೈನ್ ಕೂಲರ್ ತಗೊಂಡು, ಕರೆಂಟ್ ಹೋದಾಗ ಇನ್ವರ್ಟರಿಗೆ ಜೋಡಿಸಿ... ಯಾಕೆ ಸುಮ್ನೆ?

ಕದ್ರಿಯಕ್ಕ:
ಊಟದ ಬಗ್ಗೆ ಯಾರೂ ಹೇಳಲಿಲ್ಲ. ಬಂಗುಡೆ ಪುಳಿಮುಂಚಿ ಜೊತೆ ಮಾತ್ರ ಬೇಡ, ಮೀನೂ ಕೆಂಪು ವೈನೂ ಸೇರಿದರೆ ಬಾಯಲ್ಲಿ ಕಬ್ಬಿಣದ ರುಚಿ ಬರಬಹುದು. ಘೀ ರೋಸ್ಟ್ ಕೂಡ ಬೇಡ, ಖಾರಕ್ಕೆ ಒಗರು ಇನ್ನೂ ಎದ್ದು ಕಾಣುತ್ತದೆ. ಮೆಣಸಿನಪುಡಿ ಬಿಟ್ಟು ಬರೀ ಕಾಳುಮೆಣಸು ಹಾಕಿ ಕೊಬ್ಬಿರುವ ಮಟನ್ ರೋಸ್ಟ್ ಮಾಡಿ. ಮಾಂಸ, ಕೊಬ್ಬು ಜೊತೆಗಿದ್ದರೆ ಟ್ಯಾನಿನ್ ಮೆತ್ತಗಾಗುತ್ತದೆ. ವೈನಿಗೆ ಗಾಳಿ ತಾಗಲಿ ಅಂತ ಎರಡು ಗಂಟೆ ಮೊದಲೇ ಜಗ್ಗಿಗೆ ಸುರಿದಿಡಿ.

ಕಡಿಯಾಳಿ ಹುಡುಗ:
ತುಂಬಾ ಉಪಕಾರ. ಶನಿವಾರ ಒಂದು ತೆರೆಯುತ್ತೇನೆ. ಎರಡನೆಯದಕ್ಕೆ ಎಂತ ಮಾಡಲಿ? ಭಾವ ಕೇಳದೆ ಬಿಡುವುದಿಲ್ಲ.

ಬೆಂದೂರ್‌ವೆಲ್:
ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಅಡ್ಡ ಮಲಗಿಸಿ. ಕೆಲವು ತಿಂಗಳಿಗೆ ಏನೂ ಆಗುವುದಿಲ್ಲ. ಭಾವ ಮುಂದಿನ ರಜೆಗೆ ಬಂದಾಗ ಅವರ ಎದುರೇ ತೆರೆಯಿರಿ, ಹತ್ತು ವರ್ಷದ ಮಾತು ಅಲ್ಲಿಗೆ ಮುಗಿಯುತ್ತದೆ.